ಕಲ್ಲಿನ ಮಂಡಕ್ಕಿ

ಮೊದಲ ಮರವನ್ನು ಪ್ರೀತಿಯಿಂದಲೇ ಕೊಂದೆ.
ಗೇಣುದ್ದದ ಹುಣಸೆ. ಎರೆಮಣ್ಣು, ತಿಪ್ಪೆಗೊಬ್ಬರ,
ಹೊತ್ತಿಗೊಂದು ತಂಬಿಗೆ ನೀರು.
ಕುಂಡದಿಂದ ಕಿತ್ತಾಗ ಬೇರು
ನೆನೆದ ಬೀಡಿಯ ಹಾಗೆ ಬೆರಳಿಗಂಟಿತು.
ಎರೆಮಣ್ಣಿನದು ಒಂದೇ ಹಟ:
ಕುಡಿದರೆ ಬಿಡದು, ಬಿಟ್ಟರೆ ಬಿರಿವುದು.
ಹತ್ತಿಗೆ ಸರಿ, ಬಿಳಿಜೋಳಕ್ಕೆ ಸರಿ;
ಅಂಗೈಯಗಲದ ತಟ್ಟೆಯಲ್ಲಿ
ನೂರು ವರ್ಷ ನಟಿಸಬೇಕಾದ ಮರಕ್ಕಲ್ಲ.

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದು ಕನ್ನಡಕದ ಅಂಗಡಿ.
ಕಾಲು ಪಾಯಿಂಟಿನ ತಪ್ಪಿಗೆ ತಲೆನೋವು ಬರುವುದನ್ನು
ಇಪ್ಪತ್ತಾರು ವರ್ಷ ಕಂಡವನು.
ಆದರೂ ಹರಳಿನ ಅಳತೆಯಲ್ಲಿ ಎಡವಿದೆ.
ಚೀಲದ ಮೇಲೆ ಬರೆದಿತ್ತು: ಎರಡರಿಂದ ಆರು ಮಿಲಿಮೀಟರು.
ಚೀಲದ ತಳದಲ್ಲಿತ್ತು
ದಾರಿಯುದ್ದ ಒಂದಕ್ಕೊಂದು ಉಜ್ಜಿಕೊಂಡು ಬಂದ ದೂಳು.
ದುಡ್ಡು ಕೊಟ್ಟದ್ದಲ್ಲವೇ ಎಂದು ಅದನ್ನೂ ಸುರಿದೆ.
ಎರಡನೆಯದು, ಬಸರಿ, ಅದೂ ಹೋಯಿತು.

ಜರಡಿ ಕೇಳಲು ಮಂಡಕ್ಕಿ ಭಟ್ಟಿಗೆ ಹೋದದ್ದು ಆಮೇಲೆ.
ಹಾಜರಾಬಿಗೆ ಕನ್ನಡಕ ಕೊಟ್ಟವನು ನಾನೇ,
ಪ್ಲಸ್ ಎರಡೂವರೆ. ಹೊಗೆಗೆ ಮಾತ್ರ ನಂಬರಿಲ್ಲ.
ಬಿಳಿಹರಳೊಂದನ್ನು ಎರಡು ಬೆರಳಲ್ಲಿ ಎತ್ತಿ,
ತೂಗಿ ನೋಡಿ, ಬಕೀಟಿನ ನೀರಿಗೆ ಹಾಕಿದಳು.
ತೇಲಿತು.
"ಇದು ಕಲ್ಲಲ್ರೀ, ಕಲ್ಲಿನ ಮಂಡಕ್ಕಿ.
ಯಾವ ಭಟ್ಟೀದು?"

ಕಡಲಾಚೆಯ ಬೆಟ್ಟದ್ದು, ಅಂದೆ.
ಒಳಗಿನ ಕಾವಿಗೆ ಕಲ್ಲೇ ಗಂಜಿಯಾಗಿ ಕುದ್ದು,
ಬೆಟ್ಟದ ಬಾಯಿ ಬಿರಿದಾಗ ನೊರೆನೊರೆಯಾಗಿ ಹಾರಿ
ಗಾಳಿಯಲ್ಲೇ ಆರಿದ್ದು.
"ನಾವೂ ಅದನ್ನೇ ಮಾಡ್ತೀವಿ ಬಿಡ್ರಿ,
ಸೇರಿಗಿಷ್ಟು ಅಂತ."

ನಾನು ಜರಡಿ ಹಿಡಿದ ಚಂದ ನೋಡಲಾರದೆ ಕಸಿದುಕೊಂಡಳು.
ಮೊಣಕೈಯಿಂದಲ್ಲ, ಸೊಂಟದಿಂದ ತಿರುವಿದಳು.
ದಪ್ಪ ಕಣ್ಣಿನದರಲ್ಲಿ ಗೋಲಿಯಂಥವು ಉಳಿದವು,
ಸಣ್ಣ ಕಣ್ಣಿನದರಲ್ಲಿ ಕಡಲೆಬೇಳೆಯಂಥವು,
ಅವೇ ಬೇರಿನ ಮನೆ.
ಕೆಳಗುದುರಿದ ನುಸಿ ಅವಳ ಸೆರಗಿಗೆ, ನನ್ನ ಮೂಗಿಗೆ.
"ಇದೇ ನೋಡ್ರಿ ಮಾರಿ. ನಮ್ಮಲ್ಲೂ ಹಂಗೇ,
ಒಂದ್ ಚಿಟಿಕಿ ಮರಳು ಉಳೀತಂದ್ರೆ
ತಿಂದೋರ ಹಲ್ಲು ನಮ್ಮನ್ನ ಬೈತೈತಿ."

ದುರ್ಗದ ಕಡೆ, ಮರಡಿಹಳ್ಳಿಯಲ್ಲಿ ನಮ್ಮದೇ ಬೆಂಕಿಕಲ್ಲಿದೆ,
ಕಡಲಡಿಯಲ್ಲಿ ಉಕ್ಕಿ ದಿಂಬುದಿಂಬಾಗಿ ಹೆಪ್ಪುಗಟ್ಟಿದ್ದು.
ಹೋಗಿ ಕೈಯಿಟ್ಟು ಬಂದೆ. ಬಿಗಿ. ಭಾರ.
ಇನ್ನೂರೈವತ್ತು ಕೋಟಿ ವರ್ಷದಲ್ಲಿ
ತೂತುಗಳೆಲ್ಲ ತುಂಬಿಹೋಗಿವೆ.
ಕಾದಿಟ್ಟಿದ್ದಾರೆ, ಕೊಡುವುದಿಲ್ಲ; ಕೊಟ್ಟರೂ ನನಗೆ ಬೇಡ.
ಬೇರು ಕೇಳುವುದು ಕಲ್ಲಿನೊಳಗಿನ ಬಿಡುವು.

ಈಗ ನನ್ನ ಲೆಕ್ಕ:
ತೇಲುವ ಬಿಳಿ ಎರಡು ಪಾಲು, ಚೂಪಂಚಿನ ಕರಿ ಲಾವಾ ಒಂದು.
ಜಪಾನಿನ ಅರಿಸಿನಗೆಂಪು ಹರಳು ತುಟ್ಟಿ,
ಎರಡು ಮಳೆಗಾಲಕ್ಕೆ ಕೆಸರು;
ಅದರ ಬದಲು ಹಳೆ ಹೆಂಚಿನ ಚೂರು.
ನೀರು ಹೊಯ್ದರೆ ಹತ್ತೆಣಿಸುವುದರೊಳಗೆ
ತಳದಲ್ಲಿ ತೊಟ್ಟಿಕ್ಕಬೇಕು.
ಆದರೆ ಏಪ್ರಿಲ್ಲಿನಲ್ಲಿ ಒಂದು ಮಧ್ಯಾಹ್ನ ಮರೆತೆಯೋ,
ಇದು ಎರೆಮಣ್ಣಲ್ಲ, ಸಾಲ ಕೊಡುವುದಿಲ್ಲ.

ಅಂದು ಹೊರಡುವಾಗ ಹೊಗೆಗೂಡಿನ ಕಡೆ ಬೆರಳು ತೋರಿಸಿದಳು.
ಇಟ್ಟಿಗೆಯ ಬಿರುಕಿನಲ್ಲಿ ಬಸರಿ,
ಮಸಿ ಮೆತ್ತಿದ ಐದು ಎಲೆ.
"ಅದಕ್ಕೆ ಯಾರು ಜರಡಿ ಹಿಡಿದ್ರು?"
ನನ್ನ ಬಳಿ ಉತ್ತರವಿರಲಿಲ್ಲ. ಆಸೆಯಿತ್ತು.
"ಶುಕ್ರವಾರ ಬರ್ರಿ, ಭಟ್ಟಿ ಆರಿರ್ತೈತಿ."

ಉಳಿ, ಸುತ್ತಿಗೆ, ಒದ್ದೆ ಗೋಣಿ.
ಬೇರು ಬಿಡಲಿಲ್ಲ; ಇಟ್ಟಿಗೆ ಸಮೇತ ಬಂತು.
ಹಾಗೆಯೇ ಇಟ್ಟೆ ತಟ್ಟೆಯ ನಡುವೆ,
ಸುತ್ತ ಜರಡಿ ಹಿಡಿದ ಹರಳು.

ಮೊನ್ನೆ ನಂಬರು ಬದಲಿಸಲು ಬಂದವಳು
ಮಹಡಿ ಹತ್ತಿ, ಹೊಸ ಗಾಜಿನಲ್ಲಿ ಬಗ್ಗಿ ನೋಡಿದಳು,
ಹನ್ನೊಂದು ಎಲೆ, ತೊಳೆದ ಹಸಿರು.
ತುಸು ಹೊತ್ತು ಸುಮ್ಮನಿದ್ದು ಅಂದಳು:
"ಮಸಿ ತೊಳೀಬಾರದಿತ್ತು ನೀವು.
ಗುರುತೇ ಸಿಗವಲ್ದು."